ಕೆಲಸ ಬಿಟ್ಟು ಕ್ಯಾಮೆರಾ ಹಿಡಿಯೋ ಮುಂಚೆ ಪಂಚಾಂಗ ನೋಡಿ

ಬೆಂಗಳೂರಲ್ಲೋ ಹಾಸನದಲ್ಲೋ ತಿಂಗಳ ಸಂಬಳದ ಕೆಲಸ ಇದೆ, ಮನಸ್ಸು ಮಾತ್ರ ಕ್ಯಾಮೆರಾ ಮೇಲಿದೆ. ಚಿಕ್ಕಮಗಳೂರಿಗೆ ವಾಪಸ್ ಬಂದು ಮದುವೆ, ಹೋಂಸ್ಟೇ, ಕಾಫಿ ತೋಟ ಅಂತ ಫೋಟೋ-ವಿಡಿಯೋ ಮಾಡ್ಕೊಂಡು ಇರೋಣ ಅನ್ನೋ ಆಸೆ. ಈ ವಿಡಿಯೋ ಅಂಥವರಿಗೆ. ಧೈರ್ಯ ಮಾಡಿ ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾವು ಹೇಳೋದು, ಮೊದಲು ಗೋಡೆ ಮೇಲಿನ ಪಂಚಾಂಗ ಇಳಿಸಿಕೊಂಡು ಕೂತ್ಕೊಳ್ಳಿ.

ಯಾಕಂದ್ರೆ ಈ ಕೆಲಸದಲ್ಲಿ ಬೇಸತ್ತು ಹೋದವರಲ್ಲಿ ಫೋಟೋ ತೆಗೆಯೋದು ಸಾಕಾಯ್ತು ಅನ್ನೋರು ಬಹಳ ಕಡಿಮೆ. ಜುಲೈ ತಿಂಗಳ ಬಾಡಿಗೆಗೆ ದುಡ್ಡಿಲ್ಲದೆ, ಕೈಗೆ ಸಿಕ್ಕ ರೇಟಿಗೆ ಒಪ್ಪಿಕೊಂಡು, ಆಮೇಲೆ ಆ ಕೆಲಸವನ್ನೇ ದ್ವೇಷಿಸೋಕೆ ಶುರು ಮಾಡಿದವರೇ ಜಾಸ್ತಿ.

ಆಷಾಢದಲ್ಲಿ ಮದುವೆ ಇಲ್ಲ. ಶ್ರಾವಣದಲ್ಲಿ ಒಂದಷ್ಟು ಲಗ್ನ ಸಿಗ್ತವೆ, ಆದ್ರೆ ಮಲೆನಾಡಲ್ಲಿ ಆಗ ಜಡಿಮಳೆ. ಪಿತೃಪಕ್ಷದಲ್ಲಿ ಇಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಅದೂ ಖಾಲಿ. ಗುರು ಅಸ್ತ, ಶುಕ್ರ ಅಸ್ತ, ಅಂದ್ರೆ ಆ ಗ್ರಹಗಳು ಸೂರ್ಯನ ಹತ್ತಿರ ಬಂದು ಕಾಣದಿರೋ ಕಾಲ ಬಂದ್ರೆ ಇನ್ನಷ್ಟು ದಿನ ಹೋಯ್ತು. ಇದರ ಮೇಲೆ ಅಧಿಕ ಮಾಸ ಇದೆ, ಸುಮಾರು ಎರಡೂವರೆ ಮೂರು ವರ್ಷಕ್ಕೊಮ್ಮೆ. 2023ರಲ್ಲಿ ಅದು ಶ್ರಾವಣಕ್ಕೆ ಬಂತು, ಹೇಗೂ ಮಳೆಗಾಲ, ಅಷ್ಟಾಗಿ ತಟ್ಟಲಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಅಂದ್ರೆ ಛತ್ರಗಳು ತುಂಬಿ ತುಳುಕೋ ಕಾಲದಲ್ಲೇ ಒಂದು ತಿಂಗಳು ಖೋತಾ. ಅಂಥ ವರ್ಷ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಬಂದವರ ಸ್ಥಿತಿ ಯೋಚಿಸಿ. ಕೆಲಸ ಬಿಡೋದಾದ್ರೆ ನೋಟಿಸ್ ಅವಧಿ ಅಕ್ಟೋಬರ್ ಕೊನೆಗೆ ಮುಗಿಯೋ ಹಾಗೆ ನೋಡ್ಕೊಳ್ಳಿ. ನವೆಂಬರ್ ಲಗ್ನಗಳು ಸಿಗ್ತವೆ, ಸಂಕ್ರಾಂತಿ ಆದ್ಮೇಲೆ ಮೇವರೆಗೂ ದೊಡ್ಡ ಸೀಸನ್ ಮುಂದಿರುತ್ತೆ.

ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ ಅನ್ನೋ ಮಾತು ಎಲ್ಲರೂ ಕೇಳಿದ್ದೀರಿ. ಈ ಕಸುಬಿಗೆ ಎಂಟು ತಿಂಗಳದ್ದು ಬೇಕು. ಮನೆ ಖರ್ಚು ತಿಂಗಳಿಗೆ 25,000 ಅಂದ್ರೆ 2 ಲಕ್ಷ. ನಾಲ್ಕು ತಿಂಗಳು ಹೇಗೂ ಸಡಿಲ, ಉಳಿದಿದ್ದು ತಡವಾಗಿ ಬರೋ ಬಾಕಿಗೆ ಮತ್ತು ಕೆಟ್ಟು ಕೂರೋ ಶಟರ್‌ಗೆ.

ಇನ್ನು ಸಂಬಳ. ಬ್ಯಾಂಕಿಗೆ ಬೀಳೋ ಮೊತ್ತ ಮಾತ್ರ ಸಂಬಳ ಅಲ್ಲ. ಮೂಲ ವೇತನ 20,000 ಇದ್ರೆ ನಿಮ್ಮ ಪಿಎಫ್ 2,400, ಕಂಪನಿ ಹಾಕೋದು ಇನ್ನೊಂದು 2,400, ಅದರಲ್ಲೊಂದು ಪಾಲು ಪಿಂಚಣಿಗೆ ಹೋಗುತ್ತೆ. ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಗ್ರಾಚ್ಯುಟಿಯ ಲೆಕ್ಕ ಹೀಗೆ: ಕೊನೆಯ ವೇತನವನ್ನ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಅದೇ 20,000ಕ್ಕೆ 5 ವರ್ಷಕ್ಕೆ ಸುಮಾರು 57,700 ರೂಪಾಯಿ. ಕಾಯಂ ನೌಕರರಿಗೆ ಅದು ಸಿಗೋಕೆ 5 ವರ್ಷ ತುಂಬಬೇಕು. ನಾಲ್ಕು ವರ್ಷ ದಾಟಿದವರು ದಯವಿಟ್ಟು ತಾಳ್ಮೆ ತಗೊಳ್ಳಿ, ಅದು ಒಂದು ಒಳ್ಳೆ ಲೆನ್ಸಿನ ದುಡ್ಡು. ಪಿಎಫ್ ಒಡೆದು ಕ್ಯಾಮೆರಾ ಕೊಳ್ಳೋದು ಬೇಡವೇ ಬೇಡ. 5 ವರ್ಷದ ಸತತ ಸೇವೆಗೆ ಮುಂಚೆ ತೆಗೆದ್ರೆ ತೆರಿಗೆನೂ ಬೀಳುತ್ತೆ.

ಈಗ ರೇಟು. ಪಕ್ಕದ ಸ್ಟುಡಿಯೋದವರು ಎಷ್ಟು ಹೇಳ್ತಾರೋ ಅದಕ್ಕಿಂತ ಎರಡು ಸಾವಿರ ಕಡಿಮೆ ಹೇಳೋದು ರೇಟು ಅಲ್ಲ. ಒಂದು ಉದಾಹರಣೆ ಕಟ್ಟೋಣ. ಮನೆ ಖರ್ಚು ವರ್ಷಕ್ಕೆ 3 ಲಕ್ಷ. ಕ್ಯಾಮೆರಾ, ಲೆನ್ಸು, ಲೈಟು ಸೇರಿ 4 ಲಕ್ಷದ ಸಾಮಾನು, ನಾಲ್ಕು ವರ್ಷ ಬಾಳುತ್ತೆ ಅಂದ್ರೆ ವರ್ಷಕ್ಕೆ 1 ಲಕ್ಷ. ನಿಮಗೆ ನೀವೇ ಕಟ್ಟಿಕೊಳ್ಳೋ ಪಿಎಫ್ ಥರದ ಉಳಿತಾಯ 60,000. ಆರೋಗ್ಯ ವಿಮೆ 25,000. ಸಾಫ್ಟ್‌ವೇರ್, ಇಂಟರ್‌ನೆಟ್, ಕರೆಂಟು, ಹಾರ್ಡ್‌ಡಿಸ್ಕು 40,000. ಓಡಾಟ 75,000. ಒಟ್ಟು 6 ಲಕ್ಷ. ದುಡ್ಡು ಸಿಗೋ ದಿನ ವರ್ಷಕ್ಕೆ 40 ಅಂತಿಟ್ಟುಕೊಂಡ್ರೆ ದಿನಕ್ಕೆ 15,000, ಅದೂ ನಿಮ್ಮೊಬ್ಬರ ಪಾಲಿಗೆ. ಜೊತೆಗೆ ಬರೋ ಹುಡುಗರ ಕೂಲಿ, ಆಲ್ಬಂ ಪ್ರಿಂಟು ಬೇರೆ. ಇದಕ್ಕಿಂತ ಕೆಳಗೆ ಒಪ್ಪಿಕೊಂಡ ಪ್ರತಿ ಮದುವೆನೂ ನಿಮ್ಮ ಉಳಿತಾಯವನ್ನೇ ತಿನ್ನುತ್ತೆ.

ಬರೀ 40 ದಿನದ ಕೆಲಸಕ್ಕೆ ಇಷ್ಟಾ ಅಂತ ಮನೆಯವರು ಕೇಳಬಹುದು. ಒಂದು ಮದುವೆಯ ಹಿಂದೆ ಏನಿದೆ ಅಂತ ಅವರಿಗೆ ತೋರಿಸಿ. ಹತ್ತು ಗಂಟೆ ನಿಂತುಕೊಂಡೇ ಕೆಲಸ. 3,000 ಚಿತ್ರ, ಒಂದೊಂದು ರಾ ಫೈಲು (ಕ್ಯಾಮೆರಾ ತಿದ್ದದೆ ಉಳಿಸೋ ಮೂಲ ಚಿತ್ರ) 25ರಿಂದ 30 ಎಂಬಿ, ಅಲ್ಲಿಗೆ 75ರಿಂದ 90 ಜಿಬಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದ ವಿಡಿಯೋ ಗಂಟೆಗೆ 45 ಜಿಬಿ. ಇದನ್ನ ಆ ರಾತ್ರಿಯೇ ಎರಡು ಡಿಸ್ಕಿಗೆ ಇಳಿಸಿ, ಒಂದನ್ನ ಬೇರೆ ಮನೆಯಲ್ಲಿಡಬೇಕು. ಎರಡೂ ಕಡೆ ಫೈಲು ತೆರೆದು ನೋಡೋವರೆಗೂ ಕಾರ್ಡು ಫಾರ್ಮ್ಯಾಟ್ ಮಾಡಬಾರದು. ಮಳೆಗಾಲದಲ್ಲಿ ಕಾಪಿ ಆಗ್ತಿರೋವಾಗಲೇ ಕರೆಂಟು ಹೋಗಿ ಫೈಲು ಅರ್ಧಂಬರ್ಧ ಆಗೋದು ಇಲ್ಲಿ ಮಾಮೂಲು, ಅದಕ್ಕೆ ಯುಪಿಎಸ್ ಇರಲೇಬೇಕು. ಆಮೇಲೆ ಆರಿಸೋದು, ಬಣ್ಣ ತಿದ್ದೋದು, ಆಲ್ಬಂ ಜೋಡಿಸೋದು, ಚಿಕ್ಕಪ್ಪನ ಫೋಟೋ ಇಲ್ವಲ್ಲ ಅನ್ನೋ ಫೋನು. ಇಪ್ಪತ್ತು ಇಪ್ಪತ್ತೈದು ಗಂಟೆ ಆರಾಮಾಗಿ ಹೋಗುತ್ತೆ. ಒಂದು ದಿನದ ಮದುವೆ ಅಂದ್ರೆ ನಾಲ್ಕು ದಿನದ ದುಡಿಮೆ.

ಹಣ ತಗೊಳ್ಳೋ ಕ್ರಮ: ದಿನ ಗೊತ್ತು ಮಾಡುವಾಗ ನೂರಕ್ಕೆ 30, ಮದುವೆ ಮುಂಚಿನ ದಿನ 50, ಆಲ್ಬಂ ಕೈಗೆ ಕೊಡೋ ಮುಂಚೆ ಉಳಿದ 20. ಆಲ್ಬಂ ಮನೆಗೆ ತಲುಪಿದ ಮೇಲೆ ಬಾಕಿ ವಸೂಲಿ ಮಾಡೋದು ಬಹಳ ಕಷ್ಟ, ಒಳ್ಳೆ ಮನೆತನದವರ ಹತ್ತಿರವೂ.

ಈಗ ಪರದೆ ಮೇಲೆ ಕಾಣ್ತಿರೋ ಜೇಡರಬಲೆಯಂಥ ಬಿಳಿ ಎಳೆಗಳನ್ನ ನೋಡಿ. ಲೆನ್ಸಿನೊಳಗಿನ ಬೂಷ್ಟು ಅದು. ಬೇರೆ ಊರಿನ ಪಾಠಗಳಲ್ಲಿ ಇದರ ಮಾತೇ ಬರಲ್ಲ, ಶೃಂಗೇರಿ, ಕೊಪ್ಪ, ಸಕಲೇಶಪುರದ ಕಡೆ ಮಾತ್ರ ದುಡಿಮೆಗೇ ಕುತ್ತು ತರುತ್ತೆ. ಗಾಳಿಯ ತೇವ ನೂರಕ್ಕೆ 60 ದಾಟಿ, ಕತ್ತಲು, ಗಾಳಿಯಾಡದ ಜಾಗ ಸಿಕ್ರೆ ಸಾಕು. ಬಿಟ್ರೆ ಅದು ಬಿಡೋ ಆಮ್ಲ ಗಾಜಿನ ಲೇಪನವನ್ನೇ ಕೊರೆಯುತ್ತೆ, ಆಮೇಲೆ ಒರೆಸಿದ್ರೂ ಕಲೆ ಹೋಗಲ್ಲ. ಕ್ಯಾಮೆರಾ ಬ್ಯಾಗಲ್ಲೇ ಮುಚ್ಚಿಟ್ಟು ಆಷಾಢ ಕಳೆಯೋದೇ ದೊಡ್ಡ ತಪ್ಪು. ಡ್ರೈ ಕ್ಯಾಬಿನೆಟ್ ಕೊಳ್ಳೋಕೆ ಆಗದಿದ್ರೆ ಗಾಳಿ ಹೋಗದ 20 ಲೀಟರಿನ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್, ತೇವ ತೋರಿಸೋ ಪುಟ್ಟ ಮೀಟರು ಸಾಕು. ಮುಳ್ಳು 40ರಿಂದ 50ರ ಮಧ್ಯೆ ಇರಲಿ. 35ಕ್ಕಿಂತ ಕೆಳಗಿಳಿದ್ರೆ ರಬ್ಬರು, ಒಳಗಿನ ಜಿಡ್ಡು ಒಣಗುತ್ತೆ. ನೀಲಿ ಜೆಲ್ ಗುಲಾಬಿಯಾದ್ರೆ ಓವನ್ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕಿ. ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆ ಪಾತ್ರೆ ಮುಟ್ಟಿಸಬೇಡಿ. ಮುಳ್ಳಯ್ಯನಗಿರಿಯ ಮಂಜಿನಿಂದ ಬೆಚ್ಚಗಿನ ಕೋಣೆಗೆ ಬಂದಾಗ ಒಂದು ಗಂಟೆ ಬ್ಯಾಗಿನ ಜಿಪ್ ತೆಗೀಬೇಡಿ, ತಣ್ಣನೆ ಗಾಜಿಗೆ ಬೆಚ್ಚನೆ ಗಾಳಿ ತಗುಲಿದ ಕೂಡಲೇ ನೀರು ಕೂರುತ್ತೆ.

ಆಷಾಢವನ್ನ ಖಾಲಿ ಬಿಡಬೇಕು ಅಂತಿಲ್ಲ. ಹೋಂಸ್ಟೇಗಳಿಗೆ ಮಳೆಗಾಲದ ಹಸಿರಿನ ಚಿತ್ರ ಬೇಕು, ವಾರದ ನಡುವೆ ಅವರ ಕೋಣೆಗಳೂ ಖಾಲಿ. ತೋಟದವರಿಗೆ ಹೂವಿನ ಚಿತ್ರ ಬೇಕಾದ್ರೆ ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತೆ, ಎರಡು ಮೂರು ದಿನದಲ್ಲಿ ಬಾಡುತ್ತೆ. ಅದು ಮದುವೆ ಸೀಸನ್ನಿನ ನಡುವೆಯೇ ಬರೋದರಿಂದ ಮುಂಗಡವಾಗಿ ಒಪ್ಪಿಕೊಳ್ಳಬೇಡಿ.

ಖುಷಿಯ ಮಾತಿಗೆ ಬರೋಣ. ಮೂರು ತಿಂಗಳು ಒಂದು ನೋಟ್‌ಬುಕ್ಕಲ್ಲಿ ಗಂಟೆ ಬರೆದಿಡಿ: ಚಿತ್ರ ತೆಗೆದಿದ್ದು ಎಷ್ಟು, ಕಂಪ್ಯೂಟರ್ ಮುಂದೆ ಎಷ್ಟು, ಫೋನಲ್ಲಿ ಎಷ್ಟು, ಯಾರೂ ಕೇಳದೆ ನಿಮಗೋಸ್ಕರ ತೆಗೆದಿದ್ದು ಎಷ್ಟು. ಕೊನೆಯದು ಸೊನ್ನೆ ಆದ್ರೆ ನೀವು ಒಂದು ನೌಕರಿ ಬಿಟ್ಟು ಇನ್ನೊಂದು ನೌಕರಿಗೆ ಸೇರಿದ್ದೀರಿ, ಪಿಎಫ್ ಇಲ್ಲದ್ದಕ್ಕೆ. ವಾರದಲ್ಲಿ ಅರ್ಧ ದಿನವಾದರೂ ಅದಕ್ಕೆ ಮೀಸಲಿಡಿ, ಸೀಸನ್ನಲ್ಲೂ. ಹಳೇಬೀಡಿನ ಹೊರಗೋಡೆ ಬೆಳಗಿನ ಓರೆ ಬಿಸಿಲಲ್ಲಿ ಎದ್ದು ಕಾಣುತ್ತೆ, ಮಧ್ಯಾಹ್ನ ಮಂಕಾಗುತ್ತೆ. ಅದನ್ನ ಕಣ್ಣಾರೆ ಕಲಿಯೋಕೆ ಯಾವ ಗಿರಾಕಿನೂ ಬೇಕಿಲ್ಲ. ಟ್ರೈಪಾಡ್ ಇಡೋದಾದ್ರೆ ಮಾತ್ರ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಬ್ಯಾಂಕಲ್ಲೋ ಖಾಸಗಿ ಕಂಪನಿಯಲ್ಲೋ ಇದ್ದುಕೊಂಡು ಭಾನುವಾರ ಬೆಳಗ್ಗೆ ಹಕ್ಕಿ ಹಿಂದೆ ಹೋಗೋರಿಗೆ ಈ ಅರ್ಧ ದಿನ ಆಗಲೇ ಸಿಕ್ಕಿದೆ. ಅವರದ್ದು ಅರೆಮನಸ್ಸಿನ ಕಲೆ ಅಂತ ಯಾರಾದ್ರೂ ಅಂದ್ರೆ ನಾವು ಒಪ್ಪಲ್ಲ. ಮನೆ ಸಾಲದ ಕಂತು ನಡೀತಿದ್ರೆ, ಅಪ್ಪ-ಅಮ್ಮನ ಔಷಧಿ ಕಂಪನಿ ವಿಮೆ ಮೇಲೆ ನಿಂತಿದ್ರೆ ಕೆಲಸದಲ್ಲೇ ಇರಿ. ಸರ್ಕಾರಿ ನೌಕರರು ಅನುಮತಿ ಇಲ್ಲದೆ ಖಾಸಗಿ ವ್ಯವಹಾರ ಮಾಡೋ ಹಾಗಿಲ್ಲ, ದುಡ್ಡು ತಗೊಳ್ಳೋ ಮುಂಚೆ ನಿಯಮ ನೋಡ್ಕೊಳ್ಳಿ.

ಕೊನೆಗೆ ಹೆಸರಿನ ವಿಷಯ. ನಮ್ಮ ಜಿಲ್ಲೆಗಳ ಹೊಯ್ಸಳ ಶಿಲ್ಪಿಗಳು ವಿಗ್ರಹದ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1196ರ ಅಮೃತಾಪುರದ ದೇವಸ್ಥಾನದಲ್ಲೂ ಮಲ್ಲಿತಮ್ಮ, 1246ರ ನುಗ್ಗೇಹಳ್ಳಿಯ ದೇವಸ್ಥಾನದಲ್ಲೂ ಮಲ್ಲಿತಮ್ಮ. ಅವರದ್ದೂ ಬೇರೆಯವರು ಹೇಳಿ ಮಾಡಿಸಿದ ಕೆಲಸವೇ, ಹೆಸರು ಮಾತ್ರ ಅವರದ್ದು. ಇವತ್ತಿನ ಕಾನೂನಲ್ಲಿ ಚಿತ್ರ ತೆಗೆದವರಿಗೆ ಅದರ ಹಕ್ಕು ತಾನಾಗೇ ಬರಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದ್ರೂ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಮಾಡಿಸಿದ ಚಿತ್ರಕ್ಕೆ ಬೇರೆ ಒಪ್ಪಂದ ಇಲ್ಲದಿದ್ರೆ ದುಡ್ಡು ಕೊಟ್ಟವರೇ ಮೊದಲ ಹಕ್ಕುದಾರರು. ಅಂದ್ರೆ ಹೋಂಸ್ಟೇಗೆ ತೆಗೆದ ಚಿತ್ರವನ್ನ ನಿಮ್ಮ ಪುಟದಲ್ಲಿ ಹಾಕೋಕೂ ಅವರ ಒಪ್ಪಿಗೆ ಬೇಕಾಗಬಹುದು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೀರಿ: "ಚಿತ್ರಗಳ ಹಕ್ಕು ಛಾಯಾಗ್ರಾಹಕರದ್ದು. ಗಿರಾಕಿಗಳು ತಮ್ಮ ಬಳಕೆಗೆ, ತಮ್ಮ ಪ್ರಚಾರಕ್ಕೆ ಉಪಯೋಗಿಸಬಹುದು, ಪ್ರಕಟಿಸುವಾಗ ಛಾಯಾಗ್ರಾಹಕರ ಹೆಸರು ಹಾಕಬೇಕು. ಮೂರನೆಯವರಿಗೆ ಮಾರುವಂತಿಲ್ಲ." ಮದುವೆಯದ್ದಾದ್ರೆ, ಯಾವ ಚಿತ್ರ ನಿಮ್ಮ ಪುಟಕ್ಕೆ ಹಾಕಬಹುದು ಅಂತ ಮನೆಯವರ ಒಪ್ಪಿಗೆಯನ್ನೂ ಅದರಲ್ಲೇ ಸೇರಿಸಿ. ಎರಡು ಪ್ರತಿ, ಇಬ್ಬರ ಸಹಿ, ಮುಂಗಡ ಕೈಗೆ ಬರೋ ದಿನವೇ.