ಫ್ರೆಂಚ್ ಕಲಿಯಲು ಕನ್ನಡದ ಕಿವಿ ಸಾಕು

ಫ್ರೆಂಚ್ ಕಲಿಯೋಕೆ ಶುರು ಮಾಡಿದವರು ಬೇಗನೆ ಕೇಳುವ ನಿಯಮ ಒಂದಿದೆ: ಒತ್ತು ಯಾವಾಗಲೂ ಪದದ ಕೊನೆಗೆ ಬೀಳುತ್ತದೆ. ಇದು ಅರ್ಧ ಸತ್ಯ. ಇದನ್ನೇ ಪೂರ್ತಿ ಸತ್ಯ ಅಂತ ನಂಬಿ ಪದಪದಕ್ಕೂ ಒತ್ತು ಕೊಡುತ್ತಾ ಹೋದರೆ ಮಾತು ಕುಂಟುತ್ತದೆ.

"ಕಫೇ" ಅಂತ ಒಂದೇ ಪದ ಹೇಳಿದರೆ ಒತ್ತು "ಫೇ" ಮೇಲೆ, ಸರಿ. ಆದರೆ ಹಾಲಿಲ್ಲದ ಕಾಫಿ ಬೇಕು ಅಂತ "ಅಂ ಕಫೆ ನ್ವಾರ್" ಅಂದಾಗ ಆ ಒತ್ತು "ಫೆ" ಬಿಟ್ಟು "ನ್ವಾರ್"ಗೆ ಹೋಗುತ್ತದೆ, ಯಾಕೆಂದರೆ ಅದು ಪದದ ಆಸ್ತಿಯೇ ಅಲ್ಲ, ಒಟ್ಟಿಗೆ ಹೇಳುವ ಪದಗಳ ಗುಂಪಿನದು. ಜೋರಾಗಿ ಹೇಳಬೇಕಿಲ್ಲ, ಕೊನೆಯ ಸ್ವರವನ್ನು ಸ್ವಲ್ಪ ಎಳೆದರೆ ಸಾಕು. ಇಂಗ್ಲಿಷಿನಲ್ಲಿ ಒತ್ತಿಲ್ಲದ ಸ್ವರ ಸವೆದುಹೋಗುತ್ತದೆ. ಫ್ರೆಂಚಿನ "ಫೊ-ತೊ-ಗ್ರ-ಫೀ"ಯಲ್ಲಿ ನಾಲ್ಕೂ ಸ್ವರ ಸ್ಪಷ್ಟ. ನಾವೂ ಹೀಗೇ ಮಾತಾಡುತ್ತೇವೆ ಅಲ್ವಾ? ಹಾಗಿದ್ದೂ ಫ್ರೆಂಚನ್ನು ಇಂಗ್ಲಿಷ್ ಮೂಲಕ ಯಾಕೆ ಕಲಿಯಬೇಕು?

ಕೊನೆಗೇ ಯಾಕೆ ಒತ್ತು ಅನ್ನೋದಕ್ಕೆ ಫ್ರೆಂಚ್ ಹುಟ್ಟಿಬಂದ ಲ್ಯಾಟಿನ್ ನೋಡಬೇಕು. ಹೆಂಗಸು ಅನ್ನೋದಕ್ಕೆ ಅಲ್ಲಿ "ಫೇಮಿನಾ", ಒತ್ತು ಮೊದಲ ಅಕ್ಷರಕ್ಕೆ. ನೂರಾರು ವರ್ಷ ಜನರ ಬಾಯಲ್ಲಿ ಬಾಲ ಸವೆದು ಸವೆದು ಫ್ರೆಂಚಿನಲ್ಲಿ "ಫಾಮ್" ಉಳಿಯಿತು. ಒತ್ತು ಇದ್ದಲ್ಲೇ ಇತ್ತು, ಅದರ ನಂತರ ಇದ್ದದ್ದು ಉದುರಿತು ಅಷ್ಟೇ.

ಇನ್ನು ಪದ ಒಡೆಯುವ ವಿಷಯ. "ಅವೆಕ್", "ಎಲ್" ಎರಡು ಪದ, ಅವಳ ಜೊತೆ ಅಂತ ಅರ್ಥ. ಹೇಳುವಾಗ "ಅ-ವೆ-ಕೇಲ್". ಕ್ ಹೋಗಿ ಮುಂದಿನ ಸ್ವರಕ್ಕೆ ಅಂಟಿಕೊಂಡಿತು. ನಾವು "ಅವನು ಎಲ್ಲಿ" ಅನ್ನೋದನ್ನ "ಅವನೆಲ್ಲಿ" ಅನ್ನುವಾಗ ನ್ ಮಾಡುವ ಕೆಲಸವೂ ಇದೇ. ಕೆಲವು ಸಲ ಬರಹದಲ್ಲಿ ಸುಮ್ನೆ ಕೂತಿದ್ದ ವ್ಯಂಜನವೂ ಎದ್ದು ಬರುತ್ತದೆ: "ಲೆ" (ಬರೆಯೋದು les) ಮತ್ತು "ಅಮಿ" ಸೇರಿ "ಲೆ-ಜ಼-ಮೀ", ಗೆಳೆಯರು. ಸಂಧಿ ಮಾಡಿ ಬೆಳೆದ ನಮಗೆ ಇದು ಹೊಸದಲ್ಲ.

ಅದಕ್ಕೇ ಹೇಳೋದು, ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಜಾಗ ಬಿಡದೆ ಬರೆದುಕೊಳ್ಳಿ. ಅವರ ಎಳೆತ ನಮ್ಮ ಎರಡು ಮಾತ್ರೆಯಷ್ಟು ಉದ್ದ ಇರಲಿಕ್ಕಿಲ್ಲ, ಆದರೂ ಗುರುತಿಗೆ ನಮ್ಮ ದೀರ್ಘ ಸಾಕು. ಅವನು ಬರುತ್ತಾನೆ ಅನ್ನೋದು "ಇಲರೀವ್". ನಾಳೆ ಬರುತ್ತಾನೆ ಅಂದರೆ "ಇಲರಿವ್ದಮೇಂ". "ರೀ" ಗಿಡ್ಡ ಆಯಿತು, ದೀರ್ಘ "ಮೇಂ"ಗೆ ಹೋಯಿತು.