ಬ್ರೇಕ್ ಒತ್ತಿದ ಮೇಲೆ ಎಷ್ಟು ರಸ್ತೆ ಬೇಕು?

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಕಾರಿನಲ್ಲಿ ಮರಳುವ ನಮ್ಮವರಿಗೆ ಕಾತ್ರಜ್ ಹೊಸ ಸುರಂಗ ಗೊತ್ತೇ ಇದೆ. ಅದನ್ನು ದಾಟಿದರೆ ನವಲೆ ಸೇತುವೆಯವರೆಗೂ ಇಳಿಜಾರು. ಅಲ್ಲಿ ಅಪಘಾತವಾದಾಗಲೆಲ್ಲ ‘ಬ್ರೇಕ್ ಹಿಡಿಯಲಿಲ್ಲವಂತೆ’ ಅನ್ನುತ್ತೇವೆ. ಬ್ರೇಕು ಹಿಡಿದರೂ ನಿಲ್ಲುವಷ್ಟು ರಸ್ತೆ ಮುಂದೆ ಉಳಿದಿರಬೇಕಲ್ಲ!

ಆ ರಸ್ತೆಯ ಲೆಕ್ಕ ಬಾಯಲ್ಲೇ ಮಾಡಬಹುದು. ನಿಮ್ಮ ವೇಗವನ್ನು ಹತ್ತರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಗಂಟೆಗೆ 60 ಕಿಲೋಮೀಟರ್ ಆದರೆ ಆರಾರ್ಲೆ ಮೂವತ್ತಾರು, 36 ಮೀಟರ್. 100 ಆದರೆ 100 ಮೀಟರ್. ಮಳೆಗೆ ನೆನೆದ ಡಾಂಬರಿನ ಮೇಲೆ ಹೆಚ್ಚುಕಡಿಮೆ ಇಷ್ಟು ಬೇಕು. ಒಣ ರಸ್ತೆಯಲ್ಲಿ ಪೆಡಲನ್ನು ಪೂರ್ತಿ ಒತ್ತಿದರೆ ಇದರ ಅರ್ಧ, ಇಲ್ಲವೇ ತುಸು ಜಾಸ್ತಿ. ಜರ್ಮನಿಯ ಡ್ರೈವಿಂಗ್ ಶಾಲೆಗಳಲ್ಲಿ ಕಲಿಸುವ ಲೆಕ್ಕ ಇದು. ನಮ್ಮಲ್ಲೂ ಲೈಸೆನ್ಸ್ ಕೊಡುವ ಮೊದಲು ಇದನ್ನು ಮಗ್ಗಿಯಂತೆ ಒಪ್ಪಿಸಿಕೊಳ್ಳಬೇಕು ಎಂದು ನನ್ನ ವಾದ.

ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡು ಬೇರೆ. 100ರ ವೇಗದಲ್ಲಿ ಅದೇ 28 ಮೀಟರ್. ಫೋನ್ ನೋಡುತ್ತಿದ್ದವರ ಲೆಕ್ಕ ಹಾಕುವುದು ಬೇಡ ಬಿಡಿ.

ಅದರಿಂದಲೇ ಗುಣಿಸುವುದು ಯಾಕೆ? ಓಡುವ ಕಾರಿನ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. ನಿಲ್ಲಬೇಕೆಂದರೆ ಅಷ್ಟನ್ನೂ ಶಾಖವಾಗಿ ಕಳೆಯಬೇಕು. ಇದರ ಪರಿಣಾಮ ಎಂಥದ್ದು, ನೋಡಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಅಕ್ಕಪಕ್ಕ ಒಂದೇ ತರಹದ ಎರಡು ಕಾರು ಬರುತ್ತಿವೆ. ಒಂದು 80ರಲ್ಲಿ, ಇನ್ನೊಂದು 100ರಲ್ಲಿ. ಮುಂದೆ ಲಾರಿಯೊಂದು ಅಡ್ಡ ನಿಂತಿದೆ. ಎರಡಕ್ಕೂ ಒಂದೇ ಜಾಗದಲ್ಲಿ ಬ್ರೇಕ್ ಬಿತ್ತು. 80ರ ಕಾರು ಲಾರಿಗೆ ಇನ್ನೇನು ತಾಗಬೇಕು ಅನ್ನುವಾಗ ನಿಂತಿತು. 100ರ ಕಾರು ಗುದ್ದುವುದು ಎಷ್ಟರಲ್ಲಿ? 20 ಎಂದು ಬಾಯಿಗೆ ಬರುತ್ತದೆ. ಅಲ್ಲ, 60ರಲ್ಲಿ! ನೂರರ ವರ್ಗ 10,000. ಅದರಲ್ಲಿ ಎಂಬತ್ತರ ವರ್ಗ 6,400 ಕಳೆದರೆ ಉಳಿಯುವುದು 3,600. ಅದು ಅರವತ್ತರ ವರ್ಗ. 80ರ ಕಾರು ಸೊನ್ನೆಗೆ ಬಂದ ಜಾಗದಲ್ಲಿ 100ರ ಕಾರು ಊರೊಳಗಿನ ರಸ್ತೆಯಲ್ಲಿ ಯಾರೂ ಓಡಿಸಬಾರದ ವೇಗದಲ್ಲಿದೆ. ಆ ಒಂದು ಸೆಕೆಂಡನ್ನೂ ಸೇರಿಸಿದರೆ ಇನ್ನೂ ಜಾಸ್ತಿಯೇ.

ಈ ಲೆಕ್ಕದಲ್ಲಿ ತೂಕ ಬರಲಿಲ್ಲ, ಗಮನಿಸಿದಿರಾ? ಭಾರ ಹೆಚ್ಚಿದಷ್ಟು ಟೈರಿನ ಹಿಡಿತವೂ ಹೆಚ್ಚುತ್ತದೆ, ಹಾಗಾಗಿ. ಲಾರಿಗಳ ಕಷ್ಟ ಬೇರೆ. ಏರ್ ಬ್ರೇಕ್ ಹಿಡಿಯುವುದು ತುಸು ತಡ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿದರಂತೂ ಎಂಜಿನ್ನಿನ ತಡೆಯೂ ಇಲ್ಲ. ಕಾತ್ರಜ್‌ನಿಂದ ಇಳಿಯುವಾಗ ಅಂಥ ಲಾರಿಯ ಮುಂದೆ ನುಗ್ಗಿ ಬ್ರೇಕ್ ಹಾಕಬೇಡಿ. ನೀವೂ ಕೆಳಗಿನ ಗೇರಿಗೆ ಬನ್ನಿ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ, ಮಳೆಯಲ್ಲಿ, ನಮ್ಮ 36 ಮೀಟರ್ 41 ಆಗುತ್ತದೆ. ಹೆಚ್ಚಿನ ಆ ಐದು ಮೀಟರ್ ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ.

ನಮಸ್ಕಾರ.