ಮುರಕಲ್ಲಿನ ಗುಡ್ಡೆಗೆ ತಕ್ಕ ಸೈಕಲ್ಲು

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನವರಾದ ನಮಗೆ ಗುಡ್ಡೆಯೆಂಬುದು ದೂರದ ನೋಟವಲ್ಲ. ರೈಲುಹಳಿಯನ್ನು ದಾಟಿ ಮೂಡುದಿಕ್ಕಿಗೆ ಹೊರಟರೆ ಬದಿಯಡ್ಕ, ಮುಳ್ಳೇರಿಯ, ಅಡೂರು, ದೇಲಂಪಾಡಿಗಳವರೆಗೂ ನೆಲ ಏರುತ್ತ ಇಳಿಯುತ್ತಲೇ ಸಾಗುತ್ತದೆ. ಉತ್ತರದಲ್ಲಿ ಬಾಯಾರಿನ ಬಳಿ ಪೊಸಡಿಗುಂಪೆಯಿದೆ. ತೆಂಕಣ ಮೂಲೆಯಲ್ಲಿ, ಪಾಣತ್ತೂರಿನ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ರಾಣಿಪುರವಿದೆ. ಈ ದಾರಿಗಳಲ್ಲಿ ಈಗ ದಪ್ಪ ಟಯರಿನ, ಗೇರುಗಳುಳ್ಳ ಮೌಂಟನ್ ಬೈಕುಗಳನ್ನು ಏರಿಸಿಕೊಂಡು ಹೋಗುವ ಯುವಕ ಯುವತಿಯರು ಕಾಣಸಿಗುತ್ತಾರೆ. ಅದು ಸಂತೋಷದ ಸಂಗತಿ. ಆದರೆ ಬಣ್ಣವನ್ನೂ ಬೆಲೆಯನ್ನೂ ನೋಡಿ ಕೊಂಡ ಇಂತಹ ಸೈಕಲ್ಲುಗಳಲ್ಲಿ ಎಷ್ಟೋ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜಗಲಿಯ ಮೂಲೆ ಸೇರುವುದನ್ನೂ ನಾವು ನೋಡುತ್ತಿದ್ದೇವೆ. ಯಾವ ಬಿಡಿಭಾಗ ಬೇಕು, ಅದನ್ನು ಹೇಗೆ ಕಾಪಾಡಬೇಕು ಎಂಬುದನ್ನು ನಮ್ಮಲ್ಲಿ ತೀರ್ಮಾನಿಸಬೇಕಾದದ್ದು ಕಂಪನಿಯ ಜಾಹೀರಾತಲ್ಲ, ನಮ್ಮ ಮುರಕಲ್ಲು ಮತ್ತು ನಮ್ಮ ಮಳೆ. ಇಂದಿನ ಮಾತು ಆ ಕುರಿತು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಂದ ತುಂಬಿದ ಮುರಕಲ್ಲು ಬೇಸಿಗೆಯಲ್ಲಿ ಸಣ್ಣ ಸಣ್ಣ ಹರಳುಗಳಾಗಿ ಉದುರಿ ಚಕ್ರದ ಅಡಿಯಲ್ಲಿ ಉರುಳುತ್ತದೆ. ಮಳೆ ಬಿದ್ದೊಡನೆ ಅದೇ ಮಣ್ಣು ಕೆಂಪು ರಾಡಿಯಾಗಿ ಚೈನಿನ ಎಣ್ಣೆಗೆ ಅಂಟಿಕೊಂಡು, ಪೆಡಲಿನ ಪ್ರತಿಯೊಂದು ಸುತ್ತಿನಲ್ಲಿಯೂ ಉಕ್ಕನ್ನು ಉಜ್ಜತೊಡಗುತ್ತದೆ. ಬಯಲುಸೀಮೆಯ ಒಣ ಹಾದಿಯಲ್ಲಿ ಮೂರು ವರ್ಷ ಬಾಳುವ ಚೈನು ಇಲ್ಲಿ ಅಷ್ಟು ಬಾಳದಿರುವುದಕ್ಕೆ ಕಾರಣ ಇದೇ.

ಹಣವನ್ನು ಮೊದಲು ಎಲ್ಲಿ ಹಾಕಬೇಕು ಎಂದು ಕೇಳಿದರೆ, ಬ್ರೇಕಿಗೆ ಎನ್ನುತ್ತೇನೆ. ಈ ಬಗೆಯ ಸೈಕಲ್ಲು ಹುಟ್ಟಿದ ಕಥೆಯಲ್ಲಿಯೇ ಬ್ರೇಕಿನ ಕಷ್ಟವಿದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಸಾಹಸಿಗರು ಹಳೆಯ, ಭಾರವಾದ ಸೈಕಲ್ಲುಗಳನ್ನು ಹಿಡಿದು ಮಣ್ಣಿನ ದಾರಿಯೊಂದರಲ್ಲಿ ಇಳಿಯುವ ಪಂದ್ಯವನ್ನು ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳ ಹಿಂದಿನ ಹಬ್ಬಿನೊಳಗೆ, ಎಂದರೆ ಚಕ್ರದ ನಡುಭಾಗದೊಳಗೆ, ಇತ್ತು. ಒಂದೇ ಇಳಿತದಲ್ಲಿ ಅದು ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ಪಂದ್ಯಕ್ಕೆ ‘ರೀಪ್ಯಾಕ್’, ಎಂದರೆ ಮತ್ತೆ ತುಂಬುವುದು, ಎಂಬ ಹೆಸರು ಬಂದದ್ದು ಆ ಕೆಲಸದಿಂದಲೇ. ಮರುವರ್ಷ, 1977ರಲ್ಲಿ, ಅದೇ ಬಳಗದ ಜೋ ಬ್ರೀಜ್ ಗುಡ್ಡದ ಸವಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕ್ ಪಂದ್ಯಕ್ಕೆ ಸ್ಥಾನ ದೊರೆಯಿತು.

ಅಷ್ಟು ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ತೂಕವಿದ್ದು, 750 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿದರೆ ಸುಮಾರು 6,25,000 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಯ ತಡೆ ಮತ್ತು ಟಯರಿನ ಘರ್ಷಣೆ ಅದರಲ್ಲಿ ಒಂದು ಪಾಲನ್ನು ತಿನ್ನುತ್ತವೆ ನಿಜ. ಆದರೆ ಅಷ್ಟೂ ಶಕ್ತಿ ಬ್ರೇಕಿಗೇ ಹೋಯಿತೆಂದು ಭಾವಿಸಿದರೆ, ಒಲೆಯ ಮೇಲಿಟ್ಟ ಎರಡು ಲೀಟರ್ ತಣ್ಣೀರು ಕುದಿಯತೊಡಗಲು ಅದು ಸಾಕು. ಈಗಿನ ಸೈಕಲ್ಲುಗಳಲ್ಲಿ ಬ್ರೇಕು ಹಿಡಿಯುವ ಡಿಸ್ಕುಗಳು, ಎಂದರೆ ಚಕ್ರಗಳ ನಡುವಿಗೆ ಜೋಡಿಸಿದ ಅಂಗೈಯಗಲದ ಎರಡು ತೆಳು ಉಕ್ಕಿನ ತಟ್ಟೆಗಳು, ಈ ಬಿಸಿಯನ್ನು ಹೊರಬೇಕು. ಆದ್ದರಿಂದಲೇ ಮುಂದಿನ ಚಕ್ರದ ಡಿಸ್ಕು 160 ಮಿಲಿಮೀಟರಿನದ್ದಾಗಿದ್ದರೆ, ಆ ಚಕ್ರವನ್ನು ಹಿಡಿದಿರುವ ಕವಲಾದ ಫೋರ್ಕು ಒಪ್ಪುವುದಾದಲ್ಲಿ ಅದನ್ನು 180ಕ್ಕೆ ಏರಿಸಿಕೊಳ್ಳುವುದು, ರಾಣಿಪುರದಂತಹ ಉದ್ದ ಇಳಿತಗಳಿಗೆ ಹೋಗುವವರಿಗೆ, ಹಗುರವಾದ ಹ್ಯಾಂಡಲಿಗೋ ಸೀಟಿಗೋ ಹಣ ಸುರಿಯುವುದಕ್ಕಿಂತ ಎಷ್ಟೋ ಮೇಲು.

ರಿಮ್ಮನ್ನೇ ಹಿಡಿಯುವ ರಬ್ಬರು ಬ್ರೇಕು ನಮ್ಮ ಮಳೆಗಾಲಕ್ಕೆ ಸಲ್ಲದು. ಒದ್ದೆಯಾದರೆ ಅದರ ಹಿಡಿತ ಸಡಿಲವಾಗುತ್ತದೆ, ಕೆಂಪು ರಾಡಿ ನಡುವೆ ಸಿಕ್ಕಿ ರಿಮ್ಮಿನ ಗೋಡೆಯನ್ನೇ ತೆಳುವಾಗಿಸುತ್ತದೆ. ಡಿಸ್ಕ್ ಬ್ರೇಕಿನಲ್ಲಿ ತಂತಿಯಿಂದ ಎಳೆಯುವುದು, ಎಣ್ಣೆಯ ಒತ್ತಡದಿಂದ ನಡೆಯುವುದು ಎಂದು ಎರಡು ಬಗೆಗಳಿವೆ. ತಂತಿ ಯಾವ ಅಂಗಡಿಯಲ್ಲೂ ಸಿಗುತ್ತದೆ ಎಂಬ ಅನುಕೂಲವಿದ್ದರೂ, ಹೊರಗವಚದೊಳಗೆ ನೀರು ನುಗ್ಗಿ ತುಕ್ಕು ಹಿಡಿಯುವುದರಿಂದ ಪ್ರತಿ ಮಳೆಗಾಲದ ಬಳಿಕ ಅದನ್ನು ಬದಲಿಸಬೇಕಾಗುತ್ತದೆ. ಎಣ್ಣೆಯ ಬ್ರೇಕು ಮುಚ್ಚಿದ ವ್ಯವಸ್ಥೆಯಾದ್ದರಿಂದ ಅದಕ್ಕೆ ಮಣ್ಣಿನ ಬಾಧೆ ಕಡಿಮೆ. ಕೈಯಲ್ಲಿ ಹಣವಿರುವವರು ಅದನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ ಬೇಕೇ ಬೇಕು. ಶಿಮಾನೋ ಬ್ರೇಕುಗಳು ಮಿನರಲ್ ಆಯಿಲಿನಿಂದ ನಡೆಯುತ್ತವೆ. ಬೇರೆ ಕೆಲವು ಬ್ರೇಕುಗಳಿಗೆ ಮೋಟಾರುಬೈಕಿನ ಹಾಗೆ ಡಾಟ್ ದ್ರವ ಬೇಕು. ಒಂದರ ಜಾಗಕ್ಕೆ ಮತ್ತೊಂದನ್ನು ಹಾಕಿದರೆ ಒಳಗಿನ ರಬ್ಬರು ಸೀಲುಗಳು ಕೆಟ್ಟು, ಬ್ರೇಕು ನಡುದಾರಿಯಲ್ಲಿ ಕೈಕೊಡಬಹುದು. ಡಾಟ್ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ನಮ್ಮ ಹವೆಯಲ್ಲಿ ಅದನ್ನು ವರ್ಷಕ್ಕೊಮ್ಮೆ ಬದಲಿಸುವುದು ಲೇಸು.

ಬ್ರೇಕಿನ ಪ್ಯಾಡುಗಳಲ್ಲಿ ರೆಸಿನ್ ಮತ್ತು ಮೆಟಲ್ ಎಂಬ ಎರಡು ಬಗೆ. ರೆಸಿನ್ ಪ್ಯಾಡು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ, ಆದರೆ ರಾಡಿಯಲ್ಲಿ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡು ಕಿರುಗುಟ್ಟಿದರೂ ಮಳೆಗಾಲವನ್ನು ತಾಳಿಕೊಳ್ಳುತ್ತದೆ. ಡಿಸ್ಕಿನ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂದು ಬರೆದಿದ್ದರೆ ಮೆಟಲ್ ಪ್ಯಾಡನ್ನು ಹಾಕಬಾರದು. ಪ್ಯಾಡಿನ ಉಜ್ಜುವ ಭಾಗ ಅರ್ಧ ಮಿಲಿಮೀಟರಿಗೆ ಇಳಿದಾಗ ಅದನ್ನು ಬದಲಿಸಲೇಬೇಕು. ಇನ್ನೊಂದು ಮಾತು: ಸೈಕಲ್ಲಿಗೆ ಎಣ್ಣೆ ಸಿಂಪಡಿಸುವಾಗ ಡಿಸ್ಕಿನ ಮೇಲೆ ಒಂದು ಹನಿ ಬಿದ್ದರೂ ಪ್ಯಾಡು ಅದನ್ನು ಹೀರಿಕೊಂಡು ಹಿಡಿತವನ್ನು ಕಳೆದುಕೊಳ್ಳುತ್ತದೆ. ಮಕ್ಕಳು ಪ್ರೀತಿಯಿಂದ ಸೈಕಲ್ಲಿಗೆಲ್ಲ ಎಣ್ಣೆ ಹಚ್ಚುವ ಮನೆಗಳಲ್ಲಿ ಇದನ್ನು ಮುಂಚಿತವಾಗಿಯೇ ಹೇಳಿಕೊಡಬೇಕು.

ಗೇರಿನ ವಿಷಯದಲ್ಲಿ ಈಗಿನ ಮೋಹ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 12 ಎಂಬ ಏರ್ಪಾಡಿನ ಕಡೆಗಿದೆ. ಅದು ಒಳ್ಳೆಯದೇ, ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ಸರಿಸುವ ಡಿರೇಲರ್ ಮುಂದೆ ಇಲ್ಲದಿರುವುದರಿಂದ ಮಣ್ಣು ಸಿಕ್ಕಿಕೊಳ್ಳುವ ಒಂದು ಜಾಗ ಕಡಿಮೆಯಾಗುತ್ತದೆ. ಆದರೆ ಏರು ಹತ್ತಲು ಅದೊಂದೇ ದಾರಿಯೆಂದು ತಿಳಿಯಬೇಕಾಗಿಲ್ಲ. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ಬರುವಾಗ ಹಿಂದಿನ ಚಕ್ರ 0.63 ಸುತ್ತು ತಿರುಗುತ್ತದೆ. ಹಳೆಯ ಮಾದರಿಯಲ್ಲಿ ಮುಂದಿನ ಮೂರರಲ್ಲಿ ಚಿಕ್ಕದು 22 ಹಲ್ಲಿನದ್ದು, ಹಿಂದಿನ ಎಂಟರಲ್ಲಿ ದೊಡ್ಡದು 34 ಹಲ್ಲಿನದ್ದು ಆಗಿದ್ದರೆ ಆ ಲೆಕ್ಕ 0.65 ಆಗುತ್ತದೆ. ಏರಿನಲ್ಲಿ ಕಾಲಿಗೆ ಇವೆರಡರ ವ್ಯತ್ಯಾಸ ಹೆಚ್ಚೇನೂ ತಿಳಿಯದು, ಆದರೆ ಚೈನನ್ನೂ ಹಿಂದಿನ ಹಲ್ಲುಚಕ್ರಗಳನ್ನೂ ಬದಲಿಸುವ ದಿನ ಜೇಬಿಗೆ ಚೆನ್ನಾಗಿ ತಿಳಿಯುತ್ತದೆ. ಪ್ರತಿವರ್ಷ ಈ ಭಾಗಗಳನ್ನು ಮುರಮಣ್ಣಿಗೆ ಒಪ್ಪಿಸಬೇಕಾದ ನಮ್ಮಂಥವರಿಗೆ ಎಂಟು ಅಥವಾ ಒಂಬತ್ತು ಗೇರಿನ ದಪ್ಪ ಚೈನು ಇವತ್ತಿಗೂ ಹೀನವಲ್ಲ.

ಚೈನು ಎಷ್ಟು ಸವೆದಿದೆಯೆಂದು ತಿಳಿಯಲು ಶಾಲೆಯ ಮಕ್ಕಳ ಸ್ಕೇಲು ಸಾಕು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಒಂದು ಪಿನ್ನಿನ ನಡುವಿನಲ್ಲಿ ಸೊನ್ನೆಯನ್ನು ಹಿಡಿದು, ಅಲ್ಲಿಂದ ಮುಂದಕ್ಕೆ ಇಪ್ಪತ್ತನೆಯ ಪಿನ್ನಿನ ನಡುವಿಗೆ ಅಳೆದರೆ ಹೊಸ ಚೈನು ಸರಿಯಾಗಿ 254 ಮಿಲಿಮೀಟರ್ ತೋರಿಸುತ್ತದೆ. 11 ಅಥವಾ 12 ಗೇರಿನ ಚೈನು 255 ಅನ್ನು ದಾಟಿದರೆ ಬದಲಿಸುವ ಸಮಯ ಬಂತು. ಎಂಟು ಗೇರಿನ ಚೈನನ್ನು 256ರ ಹತ್ತಿರದವರೆಗೂ ಬಳಸಬಹುದು. ಅದಕ್ಕೂ ಮೀರಿ ಎಳೆದರೆ ಸವೆದ ಚೈನು ಹಲ್ಲುಗಳನ್ನೂ ತಿಂದುಹಾಕಿ, ಒಂದು ಚೈನಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಡೀ ಜೋಡಣೆಯನ್ನೇ ಬದಲಿಸುವ ಖರ್ಚಾಗುತ್ತದೆ.

ಎಣ್ಣೆ ಹಾಕುವುದರಲ್ಲಿಯೂ ಕ್ರಮವಿದೆ. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಅದು ಚೈನಿಗೆ ಆಗದು. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಡ್ಡುಗಟ್ಟಿ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಹಳೆಯ ಎಣ್ಣೆ ಮತ್ತು ರಾಡಿಯನ್ನು ಡೀಸೆಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿದ ಬ್ರಷ್ಷಿನಿಂದ ತೆಗೆದು, ಸೋಪುನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಚೈನಿನ ಪ್ರತಿಯೊಂದು ಉರುಳೆಗೂ ಒಂದೊಂದೇ ಹನಿ ಚೈನ್ ಆಯಿಲ್ ಬಿಡಬೇಕು. ಹತ್ತು ನಿಮಿಷ ಬಿಟ್ಟು ಹೊರಗೆ ಉಳಿದ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಎಣ್ಣೆ ಇರಬೇಕಾದದ್ದು ಒಳಗೆ. ಹೊರಗೆ ಉಳಿದದ್ದು ಮಣ್ಣನ್ನು ಕರೆಯುತ್ತದೆ. ಜಡಿಮಳೆಯ ತಿಂಗಳುಗಳಲ್ಲಿ ಪ್ರತಿ ಸವಾರಿಯ ಅನಂತರವೂ ಈ ಕೆಲಸ ಮಾಡುವುದು ಅತಿಯಲ್ಲ.

ಟಯರನ್ನು ಆರಿಸುವಾಗ ಅಂಚಿನ ಗೋಡೆ ಗಟ್ಟಿಯಾಗಿರುವುದನ್ನು ನೋಡಿಕೊಳ್ಳಬೇಕು, ಏಕೆಂದರೆ ಕಡಿದ ಮುರಕಲ್ಲಿನ ಚೂಪು ಅಂಚು ಟಯರನ್ನು ಸೀಳುವುದು ಅಲ್ಲಿಯೇ. ಬಿಡಿ ಬಿಡಿಯಾದ ಎತ್ತರದ ಹಲ್ಲುಗಳಿದ್ದರೆ ಮಣ್ಣು ತಾನಾಗಿ ಉದುರಿಹೋಗುತ್ತದೆ. ಗಾಳಿಯನ್ನು ಕಲ್ಲಿನಂತೆ ತುಂಬುವುದು ಸಾಮಾನ್ಯವಾದ ತಪ್ಪು. ಟಯರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ತುಂಬಲೇಬೇಕಾದ ಪ್ರಮಾಣವಲ್ಲ. 70 ಕಿಲೋ ತೂಕದ ಸವಾರ 2.3 ಇಂಚು ಅಗಲದ ಟಯರಿಗೆ ಟ್ಯೂಬು ಇದ್ದಲ್ಲಿ 30 ಪಿಎಸ್‌ಐಯ ಆಸುಪಾಸಿನಲ್ಲಿ, ಟ್ಯೂಬ್‌ಲೆಸ್ ಆದಲ್ಲಿ 24ರ ಆಸುಪಾಸಿನಲ್ಲಿ ಆರಂಭಿಸಿ, ತನಗೆ ಸರಿಹೊಂದುವಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಟ್ಯೂಬ್‌ಲೆಸ್ ಟಯರಿನೊಳಗಿನ ಸೀಲೆಂಟು, ಎಂದರೆ ತೂತನ್ನು ಮುಚ್ಚುವ ದ್ರವ, ನಮ್ಮ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಮೋಟಾರುಬೈಕಿಗೆ ಇರುವಂತಹ ದಪ್ಪ ವಾಲ್ವಿನ ಟ್ಯೂಬು ಇದ್ದರೆ ಪೆಟ್ರೋಲ್ ಪಂಪಿನಲ್ಲಿಯೂ ಗಾಳಿ ಹಿಡಿಸಬಹುದು.

ಸಸ್ಪೆನ್ಷನ್ ಫೋರ್ಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಹೊಳೆಯುವ ಕಾಲುಗಳನ್ನು ಪ್ರತಿ ಸವಾರಿಯ ಬಳಿಕ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಡಿ. ಗಾಳಿಯ ಫೋರ್ಕಾದರೆ, ನೀವು ಸವಾರಿಯ ಭಂಗಿಯಲ್ಲಿ ನಿಂತಾಗ ಅದು ತನ್ನ ಪೂರ್ಣ ಚಲನೆಯ ಐದನೆಯ ಒಂದು ಪಾಲಿನಷ್ಟು ತಗ್ಗುವ ಹಾಗೆ ಒತ್ತಡವನ್ನು ಹೊಂದಿಸಿಕೊಳ್ಳಿ.

ವರ್ಷದ ದೊಡ್ಡ ಕೆಲಸಕ್ಕೆ ನಮ್ಮ ಕಾಲಗಣನೆಯಲ್ಲಿಯೇ ಒಳ್ಳೆಯ ಗುರುತುಗಳಿವೆ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಪ್ಯಾಡು, ಟಯರು, ತಂತಿಗಳನ್ನು ಪರೀಕ್ಷಿಸಿ, ಹಬ್ಬುಗಳಿಗೂ ಹ್ಯಾಂಡಲು ತಿರುಗುವ ಬೇರಿಂಗಾದ ಹೆಡ್‌ಸೆಟ್ಟಿಗೂ ಗ್ರೀಸು ತುಂಬಿಸಿ ಮಳೆಗೆ ಸಿದ್ಧರಾಗಬೇಕು. ದೀಪಾವಳಿಯ ಆಸುಪಾಸಿನಲ್ಲಿ ಮತ್ತೊಮ್ಮೆ ಎಲ್ಲವನ್ನೂ ಬಿಚ್ಚಿ, ಒಳಗೆ ಸೇರಿದ ನೀರನ್ನೂ ತುಕ್ಕನ್ನೂ ತೆಗೆಯಬೇಕು. ಸೀಟಿನ ಕೊಳವೆಯನ್ನು ಹೊರಗೆಳೆದು ಸೈಕಲ್ಲನ್ನು ತಲೆಕೆಳಗು ಮಾಡಿದರೆ ಚೌಕಟ್ಟಿನೊಳಗಿನಿಂದ ಎಷ್ಟು ನೀರು ಸುರಿಯುತ್ತದೆ ಎಂಬುದನ್ನು ನೋಡಿದವರು ಈ ಕೆಲಸವನ್ನು ಮತ್ತೆಂದೂ ಮುಂದೂಡಲಾರರು. ವಾಟರ್ ಸರ್ವಿಸಿನವರ ಜೋರು ಪಂಪನ್ನು ಮಾತ್ರ ಬೇರಿಂಗುಗಳ ಕಡೆ ಹಿಡಿಯಬಾರದು. ಅದು ಗ್ರೀಸನ್ನು ಹೊರಗೆ ದೂಡಿ ಮಣ್ಣುನೀರನ್ನು ಒಳಕ್ಕೆ ಸೇರಿಸುತ್ತದೆ.

ಇನ್ನು ಸವಾರಿ. ಹರಳುಗಲ್ಲಿನ ಏರಿನಲ್ಲಿ ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಸೀಟಿನ ಮುಂತುದಿಗೆ ಸರಿದು ಕುಳಿತು, ಎದೆಯನ್ನು ಹ್ಯಾಂಡಲಿನತ್ತ ಬಗ್ಗಿಸಿ, ಒಂದೇ ಗತಿಯಲ್ಲಿ ತುಳಿಯಬೇಕು. ಗೇರನ್ನು ಏರು ಆರಂಭವಾಗುವ ಮೊದಲೇ ಬದಲಿಸಬೇಕು. ಇಳಿಯುವಾಗ ಪೆಡಲುಗಳನ್ನು ನೆಲಕ್ಕೆ ಸಮನಾಗಿ ಹಿಡಿದು, ಸೀಟಿನಿಂದ ತುಸು ಎದ್ದು, ಮೊಣಕೈ ಮೊಣಕಾಲುಗಳನ್ನು ಬಿಗಿಹಿಡಿಯದೆ, ಕಣ್ಣನ್ನು ಚಕ್ರದ ಬುಡದಲ್ಲಿಡದೆ ಹತ್ತು ಹದಿನೈದು ಮೀಟರ್ ಮುಂದಕ್ಕೆ ಹಾಯಿಸಬೇಕು. ಮುಂದಿನ ಬ್ರೇಕಿಗೆ ಹೆದರುವವರು ಬಹಳ ಮಂದಿ. ನಿಜವಾಗಿ ವೇಗವನ್ನು ತಗ್ಗಿಸುವ ಶಕ್ತಿಯ ಹೆಚ್ಚಿನ ಪಾಲು ಅದರದ್ದೇ. ತಿರುವಿಗೆ ಮೊದಲು, ಚಕ್ರ ನೇರವಾಗಿರುವಾಗ ಒಂದೊಂದು ಬೆರಳಿನಿಂದ ಎರಡನ್ನೂ ಹಿಡಿದು ವೇಗವನ್ನು ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಬೇಕು. ಉದ್ದ ಇಳಿತದಲ್ಲಿ ಬ್ರೇಕನ್ನು ಎಡೆಬಿಡದೆ ಉಜ್ಜುವುದಕ್ಕಿಂತ ಗಟ್ಟಿಯಾಗಿ ಹಿಡಿದು ಬಿಡುತ್ತ ಹೋದರೆ ಡಿಸ್ಕು ಆರಲು ಬಿಡುವು ಸಿಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಪಾರೆಯ ಮೇಲೂ ತೋಡಿನ ಸಂಕದ ಮೇಲೂ ಯಾವ ಟಯರೂ ನಿಲ್ಲದು; ಅಲ್ಲಿ ಇಳಿದು ಸೈಕಲ್ಲನ್ನು ನಡೆಸಿಕೊಂಡೇ ಹೋಗಬೇಕು.

ನಾವು ಸೈಕಲ್ಲು ಬಿಡುವ ಕಾಲುದಾರಿಗಳು ಹುಲ್ಲಿನ ಹೊರೆ, ಸೊಪ್ಪಿನ ಕಟ್ಟು ಹೊತ್ತು ಬರುವವರ ದಾರಿಗಳು. ತಲೆಯ ಮೇಲೆ ಭಾರವಿರುವವರು ಹೆದರಿ ಬದಿಗೆ ಹಾರುವಂತಾಗಬಾರದು. ದೂರದಿಂದಲೇ ಬೆಲ್ಲು ಬಾರಿಸಿ, ಅವರು ದಾಟುವ ತನಕ ನಿಂತುಕೊಳ್ಳಬೇಕು. ತೋಟದ ಬದುವಿನ ಮೇಲೆ ಯಜಮಾನರನ್ನು ಕೇಳದೆ ಹೋಗಬಾರದು, ರಾಣಿಪುರದ ಕಾಡಿನೊಳಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಲಿಡಬಾರದು. ಕಾರಡ್ಕ, ದೇಲಂಪಾಡಿ ಕಡೆಗಳಲ್ಲಿ ಕಾಡಾನೆಗಳು ತೋಟಗಳಿಗೆ ಇಳಿಯುತ್ತವೆ ಎಂಬುದು ಅಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿ. ಹೊರಡುವ ಮೊದಲು ಊರಿನವರನ್ನು ವಿಚಾರಿಸಬೇಕು. ಜೊತೆಗೊಬ್ಬರು, ಒಂದು ಹೆಚ್ಚಿನ ಟ್ಯೂಬು, ಪಂಪು, ಅಲೆನ್ ಕೀಗಳ ಗೊಂಚಲು, ಚೈನಿನ ಒಂದು ಜೋಡುಕೊಂಡಿ, ಕುಡಿಯುವ ನೀರು, ದೀಪ ಇಷ್ಟಿರಲಿ. ಮೋಡ ಕವಿದ ದಿನಗಳಲ್ಲಿ ಕಾಡಿನ ಅಂಚಿನಲ್ಲಿ ಬೇಗ ಕತ್ತಲಾಗುವುದರಿಂದ ಸಂಜೆ ನಾಲ್ಕು ಗಂಟೆಗೆ ಮೊದಲೇ ಇಳಿಯತೊಡಗಬೇಕು.

ನಮಸ್ಕಾರ.